ಹೊಟ್ಟೆ ಸೀಳಿದ ಪಕಾರ

ಮೂರು ಮಹಡಿ ಹತ್ತಿ ಬಂದ ದೂಮಪ್ಪನ
ಒಂದು ಕೈಯಲ್ಲಿ ಪೇಪರು ಸುತ್ತಿದ ರಮ್ಮು,
ಇನ್ನೊಂದರಲ್ಲಿ ಒಂದು ದಿನದ ಪರ್ಮಿಟ್ಟು.
ವಾರಿಜಾಕ್ಷಿ ಎಂ. ಉಪಾಧ್ಯಾಯ, ಚೆಂಬೂರು.
ಕನ್ನಡಕ ಹಾಕಿ ನೋಡಿದೆ, ಒಂದೂ ತಪ್ಪಿಲ್ಲ.
ಎಂಬತ್ತೊಂದನೆಯ ವಯಸ್ಸಿಗೆ ಸರ್ಕಾರ
ನನಗೆ ಕುಡಿಯಲು ಅಪ್ಪಣೆ ಕೊಟ್ಟಿತು.
"ಕಾಫಿ ನೀವು ಮಾಡಿ ಟೀಚರ್, ಬಾಕಿದ್ದು ನನಗಿರಲಿ."

ಮಾಟುಂಗದ ಪುಡಿ. ಚಿಕೋರಿ ಬೇಡವೆಂದಿದ್ದ.
ಹಿಂದಿನ ರಾತ್ರಿಯೇ ಹಿತ್ತಾಳೆ ಫಿಲ್ಟರಿಗೆ ಒತ್ತಿ ತುಂಬಿದ್ದೆ.
ಒಂದು ತೊಟ್ಟು.
ಬಹಳ ಹೊತ್ತು ಏನೂ ಇಲ್ಲ.
ಮತ್ತೊಂದು ತೊಟ್ಟು,
ಓದಲು ಬಾರದವನು ಅಕ್ಷರ ಕೂಡಿಸಿದ ಹಾಗೆ.

ಸಕ್ಕರೆಯನ್ನು ಜೇನಿನ ಬಣ್ಣ ಬರುವವರೆಗೆ ಕರಗಿಸಿ
ನೀರು ಬಿಟ್ಟ, ಡಿಕಾಕ್ಷನ್ ಬೆರೆಸಿದ, ಇಳಿಸಿದ.
ನಾನು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದರೆ
"ತಣಿಯಲಿ. ಬಿಸಿಗೆ ಹೊಯ್ದರೆ ರಮ್ಮಿನ ಪ್ರಾಣ ಹಾರಿಹೋಗ್ತದೆ."
ಸರಿ ಎಂದು ಕೈ ಹಿಂದಕ್ಕೆಳೆದು ಕುಳಿತೆ,
ಮೊದಲ ಬೆಂಚಿನ ಹುಡುಗಿಯ ಹಾಗೆ.

ಆಮೇಲೆ ಜೇಬಿನಿಂದ ವೆನಿಲ್ಲಾ ಕೋಡು ತೆಗೆದ,
ಒಣಗಿದ ಚಪ್ಪಲಿ ಬಾರಿನಂಥದ್ದು.
"ಇದರದ್ದು ಹೊಟ್ಟೆ ಸೀಳಬೇಕು ಟೀಚರ್,
ಇಲ್ಲದಿದ್ದರೆ ಒಳಗಿನ ಘಮ ಒಳಗೇ."
ಚಾಕು ಆಡಿಸಿದ. ನನ್ನ ಮುಖ ನೋಡಲಿಲ್ಲ.

ಕೋಟೆಯ ಗಲ್ಲಿಯ ಮುನ್ಸಿಪಾಲಿಟಿ ಶಾಲೆ, ರಾತ್ರಿ ಏಳೂವರೆ.
ಹಗಲು ಪುಟ್ಟ ಮಕ್ಕಳು ಕೂರುವ ಬೆಂಚಿಗೆ
ಮೊಣಕಾಲು ತೂರಿಸಲಾಗದ ಹೋಟೆಲು ಹುಡುಗರು.
ಇಡೀ ಕೋಣೆ ಗಸಿ ಚೆಲ್ಲಿದ ಅಂಗಿಯ ವಾಸನೆ.
ಉಕ್ತಲೇಖನದಲ್ಲಿ ದೂಮಪ್ಪ ಬರೆದದ್ದು: ಕಾಪಿ.
ಹೊಟ್ಟೆ ಸೀಳೋ! ಇಪ್ಪತ್ತು ಸಲ ಬರಿ! ಎಂದೆ.
ದಿನಕ್ಕೆ ಮುನ್ನೂರು ಕಪ್ಪು ಹೊರುವ ಹುಡುಗ
ಇಪ್ಪತ್ತು ಸಲವೂ ಹಾಗೆಯೇ ಬರೆದ.

ಪರೀಕ್ಷೆಯ ದಿನ ಅವನ ತೋಳಿನ ಮಡಿಕೆಯಲ್ಲಿ
ಹೋಟೆಲಿನ ಬಿಲ್ಲು, ಹಿಂದೆ ಇರುವೆ ಸಾಲಿನಂಥ ಉತ್ತರ.
ಕಾಪಿ ಹೊಡೀತೀಯಾ?
ಕೋಣೆಯೆಲ್ಲ ನಕ್ಕಿತು.
ಅವನ ಕಾಗುಣಿತ ಒಪ್ಪುವುದು ಆ ಒಂದು ಕಾಪಿಗೆ ಮಾತ್ರ.
ಬಾಗಿಲು ತೋರಿಸಿದೆ.
ಮರುದಿನ ಬೆಂಚು ಖಾಲಿ.
ಅವನಿದ್ದ ಹೋಟೆಲು ಎರಡು ಗಲ್ಲಿ ಆಚೆ.
ಸಂಬಳದ ದಿನ ಅಲ್ಲಿ ಕಾಫಿ ಕುಡಿಯುತ್ತಿದ್ದೆ,
ತಂದಿಡುತ್ತಿದ್ದವನು ಬೇರೆ ಹುಡುಗ.
ಕೇಳಲಿಲ್ಲ.

"ನನ್ನಜ್ಜ ಮೂರ್ತೆ ಮಾಡ್ತಿದ್ದದ್ದು," ಎಂದ, ಬಾಟಲಿ ತುಂಬುತ್ತ.
"ತಾಳೆಮರದ ತುದಿಯಿಂದ ಅವರಿಗೆ ಸಮುದ್ರ ಕಾಣ್ತಿತ್ತಂತೆ.
ನಾನು ಮೂವತ್ತು ವರ್ಷ ಬಾರ್ ಕೌಂಟರಿನ ಹಿಂದೆ ನಿಂತೆ.
ಮುಂಬಯಿ ಅಂತ ಹೆಸರು, ಸಮುದ್ರ ಎಲ್ಲಿ?"
ಬಿರಡೆ ಒತ್ತಿ, ಬಟ್ಟೆ ಬಿಗಿದು, ಕಪಾಟಿನ ಕತ್ತಲಲ್ಲಿ
ನನ್ನ ಹಳೆಯ ಹಾಜರಿ ಪುಸ್ತಕಗಳ ಪಕ್ಕ ನಿಲ್ಲಿಸಿದ.

ಇಪ್ಪತ್ತೊಂದು ದಿನ.
ದಿನಕ್ಕೊಂದು ಸಲ ತೆಗೆದು ಅಲುಗಿಸಿದೆ.
ದೂಮಪ್ಪ ಪೂಜಾರಿ?
ಬುಡದಿಂದ ವೆನಿಲ್ಲಾ ಕಪ್ಪು ಬೀಜ ಎದ್ದು ತೇಲಿ ಕೂರುತ್ತಿದ್ದವು.
ಪಾತ್ರೆ ತೊಳೆಯುವ ಸುರೇಖಾ ಮೂಗರಳಿಸಿ, "ಆಜಿ, ಹೇ ಕಾಯ್?"
"ಔಷಧ್," ಎಂದೆ.

ನಿನ್ನೆ ಬಂದ. ಚೀಟಿ ತಾನೇ ಬರೆದು ತಂದಿದ್ದ,
ಬಾಟಲಿಯ ಹೊಟ್ಟೆಗೆ ಅಂಟಿಸಿ ಹೆಬ್ಬೆರಳಿಂದ ಸವರಿದ.
ಕಾಪಿ, ವಾರಿಜಾಕ್ಷಿ ಟೀಚರ್ ಮನೆಯದ್ದು.
ಬೇಕೆಂದೇ ಬರೆದನೋ, ಇನ್ನೂ ಬಾರದೋ.
ಕೆಂಪು ಪೆನ್ನು ಮೇಜಿನ ಖಾನೆಯಲ್ಲೇ ಇತ್ತು.

ಸಣ್ಣ ಲೋಟ ಹುಡುಕಲು ಏಳಲಾರದೆ
ಫಿಲ್ಟರಿನ ಮುಚ್ಚಳದಲ್ಲೇ ಎರಡು ಗುಟುಕು.
ನಾಲಿಗೆಯ ಮೇಲೆ ಬರೀ ಕಾಫಿ, ಸಿಹಿ, ತಣ್ಣಗೆ.
ನುಂಗಿದ ಮೇಲೆ ಎದೆಯೊಳಗೆ
ಯಾರೋ ಉಸಿರೊತ್ತಿ ಹೇಳಿದ ಹಾಗೆ:
ಫ.

"ಹೇಗುಂಟು?"
ಕಾಪಿ ಚೆನ್ನಾಗಿದೆ, ಎಂದೆ.
ಅವನು ಮುಚ್ಚಳ ಕೈಗೆ ತೆಗೆದುಕೊಂಡು
ಅಂಚಿನವರೆಗೆ ತುಂಬಿಸಿ ನನ್ನೆದುರಿಟ್ಟ.
"ಹೊಟ್ಟೆ ಸೀಳಿ, ಟೀಚರ್."